ಅಪ್ಪಾಜಿಯ ಪಾರ್ಟಿಗಳು

ಶಿಕಾರಿಪುರದ ನಮ್ಮ ಅಕ್ಕಿ ಅಂಗಡಿಯಲ್ಲಿ ಎಲ್ಲರೂ ಪಾರ್ಟಿಗಳೇ. ಕೊಳ್ಳುವವನು ಪಾರ್ಟಿ, ಮಾರುವವನೂ ಪಾರ್ಟಿ. ಅಂಜನಾಪುರದ ಗದ್ದೆಗಾಗಿ ನಮ್ಮ ಮೇಲೆ ಕೇಸು ಹಾಕಿದ ಚಿಕ್ಕಪ್ಪ ಎದುರು ಪಾರ್ಟಿ. ಎಲೆಕ್ಷನ್ ಬಂದರೆ ಅದು ಬೇರೆಯೇ ಪಾರ್ಟಿ, ಅದರ ಮಾತು ಅಂಗಡಿಯಲ್ಲಿ ನಿಷಿದ್ಧ. ತೊಂಬತ್ತರ ದಶಕದ ನಡುವೆ ನಾನು ಬಿ.ಎ. ಪಾಸಾದಾಗ ಗೆಳತಿಯರು ಕೇಳಿದ ಪಾರ್ಟಿ ಮಾತ್ರ ಮಸಾಲೆ ದೋಸೆಯಲ್ಲಿ ಮುಗಿಯಿತು. ಇಂಗ್ಲಿಷಿನವರು ಒಂದೇ ಪದವನ್ನು ಇಷ್ಟೊಂದು ದುಡಿಸಿಕೊಂಡದ್ದು ಶುದ್ಧ ಜಿಪುಣತನ.

ಅದೇ ವರ್ಷ ಜಡೆ ಎಂಬ ಊರಿನಿಂದ ನನ್ನನ್ನು ನೋಡಲು ಬರುವವರಿದ್ದರು. "ಭಾನುವಾರ ಪಾರ್ಟಿ ಬರ್ತದೆ, ಉಪ್ಪಿಟ್ಟು ಮಾಡು," ಎಂದು ಅಪ್ಪಾಜಿ ಅವ್ವನಿಗೆ ಹೇಳಿದರು. ಹುಡುಗನನ್ನು ನಾನು ಸೊರಬದ ಒಂದು ಮದುವೆಯಲ್ಲಿ ನೋಡಿದ್ದೆ. ಊಟ ಬಡಿಸುತ್ತಿದ್ದವನು ನಾನು ಕೇಳದೆಯೇ ನನ್ನ ಎಲೆಗೆ ಇನ್ನೊಂದು ಹೋಳಿಗೆ ಹಾಕಿದ್ದ. ಈ ಸಂಬಂಧ ನನಗೆ ಬೇಕೇ ಬೇಕಿತ್ತು. ಯಾರಿಗೂ ಹೇಳಿರಲಿಲ್ಲ, ಅಷ್ಟೆ.

ಅಪ್ಪಾಜಿಗೆ ವ್ಯಾಪಾರದಲ್ಲಿ ಒಂದು ಕ್ರಮವಿತ್ತು. ಅಕ್ಕಿಯನ್ನು ಅಂಗೈಗೆ ಸುರಿದು ಮೊದಲು ಅದರ ದೋಷ ಹೇಳಬೇಕು: ನುಚ್ಚು ಜಾಸ್ತಿ, ಹೊಸ ಅಕ್ಕಿ, ಅನ್ನ ಮೆತ್ತಗಾಗುತ್ತದೆ. ಗುಣವೆಲ್ಲ ಆಮೇಲೆ. ಹಾಗೆ ಮಾಡಿದರೆ ನಾಳೆ ತಕರಾರು ಇರುವುದಿಲ್ಲ.

ಭಾನುವಾರ ಬಂದವರ ಮುಂದೆಯೂ ಅದೇ ಕ್ರಮ. ಹುಡುಗನ ತಾಯಿ ಉಪ್ಪಿಟ್ಟಿನ ತಟ್ಟೆ ಕೈಗೆತ್ತಿಕೊಳ್ಳುವ ಮೊದಲೇ ಅಪ್ಪಾಜಿ ಶುರು ಮಾಡಿದರು. "ನೋಡ್ರಿ, ಮುಂಚೇನೇ ಹೇಳಿಬಿಡ್ತೀನಿ. ಇವಳಿಗೆ ಮೂಗಿನ ತುದೀಲೇ ಸಿಟ್ಟು. ಬೆಳಿಗ್ಗೆ ಬೇಗ ಏಳಲ್ಲ. ರೊಟ್ಟಿ ತಟ್ಟಿದ್ರೆ ಒಂದು ಕಡೆ ದಪ್ಪ."

ಬಾಗಿಲ ಪರದೆಯ ಹಿಂದೆ ನಿಂತಿದ್ದ ನನಗೆ ಮೈಯೆಲ್ಲ ಉರಿಯಿತು. ಮೊದಲನೆಯ ಆರೋಪವನ್ನು ಅಲ್ಲೇ ಸಾಬೀತು ಮಾಡುವವಳಿದ್ದೆ, ಅವ್ವ ತೋಳು ಹಿಡಿದುಕೊಂಡಳು. ಎಲ್ಲ ಮುಗಿಯಿತೆಂದು ನನಗೆ ಅಳು ಬಂತು.

"ಆಯ್ತ್ರೀ, ಈಗ ಒಳ್ಳೇದೂ ಒಂದೆರಡು ಹೇಳ್ರಿ," ಎಂದರು ಹುಡುಗನ ತಾಯಿ.

ಅಪ್ಪಾಜಿ ತಮ್ಮ ಖಾಲಿ ಅಂಗೈಯನ್ನೊಮ್ಮೆ ನೋಡಿಕೊಂಡರು.

"ಅದೊಂದು ಕೇಳಬ್ಯಾಡ್ರಿ. ಹೇಳಕ್ಕೆ ಕೂತ್ರೆ ಕೊಡಕ್ಕೆ ಮನಸ್ಸು ಬರಲ್ಲ ನಂಗೆ."

ಆ ಸಂಬಂಧವೂ ಬೇಡ, ಏನೂ ಬೇಡ, ಹೋಗಿ ಅಪ್ಪಾಜಿಯ ಪಕ್ಕ ಕೂತುಬಿಡೋಣ ಅನ್ನಿಸಿತು. ಅಷ್ಟರಲ್ಲಿ ಹುಡುಗನ ತಾಯಿ ಎದ್ದು ಒಳಗೆ ಬಂದು, ತಮ್ಮ ಚೀಲದಿಂದ ಮಲ್ಲಿಗೆ ದಂಡೆ ತೆಗೆದರು. ಮುಡಿಸಿಕೊಳ್ಳಲು ನಾನು ಅಳುತ್ತಲೇ ತಲೆ ಬಗ್ಗಿಸಿದೆ.