ಬಾತ್‌ರೂಮಿನ ಪಕ್ಕದ ಗೋಡೆ

ಊರಿನ ಅರ್ಧ ಮನೆಗಳಿಗೆ ಬಣ್ಣ ಹೊಡೆದ ಮನುಷ್ಯನಿಗೆ ಸ್ವಂತ ಗೋಡೆಯ ಮುಂದೆಯೇ ಅವಮಾನವಾದರೆ ಹೇಗಿರುತ್ತದೆ ಹೇಳಿ! ಬೀದಿಯವರೆಲ್ಲ ಪೇಂಟರ್ ಮಾವ ಎಂದು ಕರೆಯುವ ಆ ಮನುಷ್ಯ ಸಿಟ್ಟಿನ ಭರದಲ್ಲಿ ಮಾಡಿದ್ದು ಸರಿಯೋ ತಪ್ಪೋ ಆಮೇಲೆ ನೋಡೋಣ. ಸಿಟ್ಟು ಬಂದದ್ದಂತೂ ನ್ಯಾಯವೇ.

ಮನೆ ಇದ್ದದ್ದು ಮೂರನೇ ಮಹಡಿಯಲ್ಲಿ, ಲಿಫ್ಟ್ ಇಲ್ಲ. ಹೆಂಡತಿಗೆ ಮಂಡಿನೋವು. ಇಳಿದರೆ ಮತ್ತೆ ಹತ್ತಬೇಕಲ್ಲ ಎಂದು ಆಕೆ ಹೊರಗೆ ಹೋಗುವುದನ್ನೇ ಬಿಟ್ಟಿದ್ದಳು. ಹಿಂದಿನ ಬೀದಿಯಲ್ಲಿ ನೆಲಮಹಡಿಯ ಪುಟ್ಟ ಮನೆಯೊಂದು ಮಾರಾಟಕ್ಕಿತ್ತು. ಈಗಿರುವ ಮನೆಗೆ ಸರಿಯಾದ ಬೆಲೆ ಬಂದರೆ ಅದು ಸಿಗುತ್ತದೆ, ಇಲ್ಲವಾದರೆ ಇಲ್ಲ. ಬ್ರೋಕರ್‌ಗಳು ಬಾಯಿಗೆ ಬಂದ ಬೆಲೆ ಹೇಳುತ್ತಾರೆ, ಮೊದಲು ಬೆಲೆ ಕಟ್ಟುವವರನ್ನು ಕರೆಸಿ ರಿಪೋರ್ಟ್ ಮಾಡಿಸಿ ಎಂದ ಅಳಿಯ. ಫೀಸು ಕಟ್ಟಿ ಕರೆಸಿದ್ದಾಯಿತು.

ಅವರು ಬರುವ ಹಿಂದಿನ ದಿನ ಮಾವ ಒಂದು ಎಡವಟ್ಟು ಮಾಡಿಕೊಂಡ. ಕೆಲಸ ಮುಗಿಸಿ ಬಂದು ದಿನಾ ಒರಗಿ ಕೂರುವ ಜಾಗದಲ್ಲಿ ತಲೆಯ ಎಣ್ಣೆಜಿಡ್ಡು ಗೋಡೆಗೆ ಹತ್ತಿತ್ತು. ಅಷ್ಟಕ್ಕೇ ತೇಪೆ ಹಾಕುವುದು ಅವನ ಜಾಯಮಾನವಲ್ಲ, ಇಡೀ ಗೋಡೆಗೆ ಹೊಸ ಬಣ್ಣ ಬಳಿದ. ಆ ಗೋಡೆಯ ಆಚೆಗೆ ಬಾತ್‌ರೂಮು ಎಂಬುದು ತಲೆಗೇ ಹೊಳೆಯಲಿಲ್ಲ. ಬೇರೆಯವರ ಮನೆಯಾಗಿದ್ದರೆ ತಕ್ಷಣ ಹೊಳೆಯುತ್ತಿತ್ತು.

ಬೆಲೆ ಕಟ್ಟುವ ಆಸಾಮಿ ಅಳೆದ, ಕಿಟಕಿ ತೆರೆದು ಮುಚ್ಚಿದ, ನಲ್ಲಿ ತಿರುಗಿಸಿದ. ಆ ಗೋಡೆಯ ಮುಂದೆ ನಿಂತು ಮೂಗರಳಿಸಿದ.

"ಇದೊಂದಕ್ಕೇ ಯಾಕೆ ಹೊಸ ಬಣ್ಣ?"

"ಜಿಡ್ಡು ಹಿಡಿದಿತ್ತು ಸಾರ್, ಬಳಿದೆ."

"ಎಲ್ಲರೂ ಹೀಗೇ ಹೇಳ್ತಾರೆ ಬಿಡಿ. ಆಚೆ ಬಾತ್‌ರೂಮು. ತೇವ ಮುಚ್ಚೋದು ನಿಮಗೇನು ಹೊಸದಾ? ಪೇಂಟರ್ ಅಲ್ವಾ ನೀವು?"

ಮಾವನ ಪಿತ್ತ ನೆತ್ತಿಗೇರಿತು. ಯಾಕೆಂದರೆ ಮಾತು ಪೂರ್ತಿ ಸುಳ್ಳಲ್ಲ. ಮನೆ ಮಾರುವವರು ಎಷ್ಟೋ ಜನ ಅವನನ್ನು ಕರೆಸಿ ತೇವದ ಮೇಲೆ ಬಣ್ಣ ಹೊಡೆಸಿದ್ದಾರೆ. ಹೊಡೆಸಿದವರೆಲ್ಲ ಮರ್ಯಾದಸ್ಥರು, ಹೊಡೆದವನೊಬ್ಬ ಕಳ್ಳ! ಇದು ಯಾವ ಊರಿನ ನ್ಯಾಯ?

ಸರ್ರನೆ ಹೋಗಿ ಪುಟ್ಟಿ ಬ್ಲೇಡ್ ತಂದವನೇ ಎದೆಮಟ್ಟದಿಂದ ನೆಲದವರೆಗೆ ಗೋಡೆ ಕೆರೆಯತೊಡಗಿದ. ಬಣ್ಣ, ಅದರಡಿ ನುಣುಪಿಗೆ ಮೆತ್ತಿದ್ದ ಪುಟ್ಟಿ ಎಲ್ಲ ಚಕ್ಕೆ ಚಕ್ಕೆಯಾಗಿ ಉದುರಿತು.

"ರೀ, ತಲೆ ಕೆಟ್ಟಿದೆಯಾ ನಿಮಗೆ?" ಹೆಂಡತಿ ಕುರ್ಚಿಯಿಂದಲೇ ಕೂಗಿದಳು.

"ಕೈಯಿಟ್ಟು ನೋಡಿ ಸಾರ್! ಒಂದು ಹನಿ ತೇವ ಇದ್ರೆ ಹೇಳಿ!"

ಗಾರೆ ಒಣಗಿ ಬಣಗುಡುತ್ತಿತ್ತು. ಆಸಾಮಿ ಮುಟ್ಟಿ ನೋಡಿ, ಕೈಗೆ ಹತ್ತಿದ ಧೂಳು ಒರೆಸಿಕೊಂಡು, ಫೋಟೋ ತೆಗೆದುಕೊಂಡು ಹೊರಟ. ಒಂದು ಕ್ಷಮೆಯ ಮಾತಿಲ್ಲ. ವಾರದೊಳಗೆ ರಿಪೋರ್ಟ್ ಬಂತು: ತೇವ ಇಲ್ಲ, ಆದರೆ ಹಾಲ್‌ನ ಗೋಡೆ ಹಾಳಾಗಿದೆ, ರಿಪೇರಿ ಖರ್ಚನ್ನು ಬೆಲೆಯಲ್ಲಿ ಕಳೆಯಲಾಗಿದೆ!

ಮಾವ ಕುದಿಯುತ್ತಲೇ ಪುಟ್ಟಿ ಕಲಸಲು ಕೂತ. ಹೆಂಡತಿ ತಡೆದಳು.

"ಬೇಡ ರೀ, ಹಾಗೇ ಇರ್ಲಿ. ಕೊಳ್ಳೋಕೆ ಬರೋರು ಮುಟ್ಟಿ ನೋಡ್ಲಿ. ನೀವು ಬಳಿದ್ರೆ ಯಾರು ನಂಬ್ತಾರೆ?"

ಆಕೆ ಚುಚ್ಚಿ ಹೇಳಿದ್ದಲ್ಲ. ಆದರೂ ಆ ರಾತ್ರಿ ಮಾವನಿಗೆ ಊಟ ಸೇರಲಿಲ್ಲ.

ಮನೆ ನೋಡಲು ಮೊದಲು ಬಂದವರು ಒಬ್ಬ ಟೀಚರು. ಬೋಳು ಗೋಡೆಯ ಮೇಲೆ ಅಂಗೈಯಿಟ್ಟು ನಿಂತರು. "ಈ ಗೋಡೆ ನೋಡಿ ಧೈರ್ಯ ಬಂತಮ್ಮ. ನೀವು ಹೇಳಿದ ಬೆಲೆಗೇ ತಗೋತೀನಿ, ಚೌಕಾಸಿ ಮಾಡಲ್ಲ," ಎಂದರು. ಹೆಂಡತಿ ಖುಷಿಗೆ ಮಂಡಿನೋವು ಮರೆತು ಎದ್ದೇ ನಿಂತಳು.

ಮಾವನಿಗೂ ಸಂತೋಷವೇ, ಆದರೆ ಅವರು ಮೆಚ್ಚಿದ್ದು ಬಣ್ಣವೇ ಇಲ್ಲದ ಗೋಡೆಯನ್ನು. ಉಳಿದ ಗೋಡೆಗಳಿಗೆ ಅವನು ಹೊಡೆದ ಬಣ್ಣದಲ್ಲಿ ಒಂದು ಬ್ರಷ್ ಗೆರೆ ಹುಡುಕಿದರೂ ಸಿಗುವುದಿಲ್ಲ.

"ಮೇಡಂ, ಇವನ್ನೂ ಒಂದ್ಸಲ ನೋಡಿ," ಎಂದ.

ಟೀಚರು ಆಗಲೇ ಮೆಟ್ಟಿಲು ಇಳಿಯುತ್ತಿದ್ದರು.