ಕಾಂಪೌಂಡರ್ ಜೋಸೆಫರನ್ನು ಹುಡುಕಿಕೊಂಡು ಮಸ್ಕತ್ತಿಗೆ

ಶುಕ್ರವಾರ ಬೆಳಿಗ್ಗೆ ಏಳಕ್ಕೆ ಓಮಾನಿನ ಸಹಮ್‌ನಲ್ಲಿ ಬಸ್ಸು ಹತ್ತಿದೆ. ಮಸ್ಕತ್ತಿನ ರೂವಿಗೆ ಹೆಚ್ಚುಕಡಿಮೆ ಇನ್ನೂರು ಕಿಲೋಮೀಟರು. ಟಿಕೆಟ್ಟು ಮೂರು ರಿಯಾಲಿನೊಳಗೆ. ವಾರದಲ್ಲಿ ಆರು ದಿನ ಕ್ಲಿನಿಕ್ಕಿನ ಲ್ಯಾಬಿನಲ್ಲಿ ಪರರ ರಕ್ತ ನೋಡಿ ಸುಸ್ತಾದ ನನಗೆ ಶುಕ್ರವಾರವೆಂದರೆ ಹೊದಿಕೆ ಸರಿಸದ ದಿನ. ಆದರೆ ಎಸ್ತರ್ ಟೀಚರ್ ಒಂದು ಮಾತು ಹೇಳಿದರೆ ಮುಗಿಯಿತು, ನಾನು ಇಲ್ಲ ಎನ್ನಲಾರೆ. ಮೈಸೂರಿನಲ್ಲಿ, ಗಣಿತ ಎಂದರೆ ಜ್ವರ ಬರುತ್ತಿದ್ದ ನನ್ನನ್ನು ದಿನಾ ಸಂಜೆ ಮನೆಗೆ ಕರೆದು ಕೂರಿಸಿಕೊಂಡು ಪಾಸು ಮಾಡಿಸಿದವರು ಅವರು. ನಾನು ಇವತ್ತು ಉಣ್ಣುವ ಅನ್ನದಲ್ಲಿ ಅವರ ಪಾಲಿದೆ.

ಟೀಚರಿಗೆ ಈಗ ಎಂಬತ್ತು ವರ್ಷ. ದೊರೆಗಳ ಕಾಲದಲ್ಲಿ ಕಟ್ಟಿದ, ತಾವು ಹುಟ್ಟಿದಂದಿನಿಂದ ಹೋಗುತ್ತಿರುವ ಆಂಗ್ಲಿಕನ್ ಚರ್ಚಿನ ಚರಿತ್ರೆ ಬರೆಯುತ್ತಿದ್ದಾರೆ. ಅವರ ತಾತ ಜೋಸೆಫ್ ಅದೇ ಚರ್ಚಿನವರು. ಕಾಂಪೌಂಡರ್ ಕೆಲಸಕ್ಕೆಂದು ದೊರೆಗಳ ಜೊತೆ ಮಸ್ಕತ್ತಿಗೆ ಹೋದವರು ಮರಳಲಿಲ್ಲ. ಒಂದೆರಡು ಕಾಗದ ಬಂದು ನಿಂತುಹೋದವು. ಅಲ್ಲೇ ಇನ್ನೊಂದು ಸಂಸಾರ ಹೂಡಿದ್ದಾನೆ ಎಂದು ಜನ ಆಡಿಕೊಂಡರು. ಮುಂದೆ ಅಜ್ಜಿ ಮೇರಿ ತೀರಿಕೊಂಡಾಗ ಚರ್ಚಿನ ಸಮಾಧಿ ರಿಜಿಸ್ಟರಿನಲ್ಲಿ ಅವರ ಹೆಸರಿನ ಮುಂದೆ ‘ಗಂಡ ಬಿಟ್ಟವಳು’ ಎಂದೇ ಬರೆದರು. ಟೀಚರ್ ಬರೆಯುತ್ತಿರುವ ಪುಸ್ತಕದಲ್ಲಿ ಆ ರಿಜಿಸ್ಟರ್ ಪೂರ್ತಿ ಅಚ್ಚಾಗಬೇಕು, ಸೋಮವಾರ ಅದು ಪ್ರೆಸ್ಸಿಗೆ ಹೋಗುತ್ತದೆ.

“ಆ ಒಂದು ಸಾಲು ಬಿಟ್ಟುಬಿಡಿ ಟೀಚರ್, ಯಾರು ಕೇಳ್ತಾರೆ?” ಎಂದಿದ್ದೆ.

“ನಮ್ಮಜ್ಜಿ ಅಂತ ಬಿಟ್ಟರೆ ಮಿಕ್ಕವರ ಅಜ್ಜಿಯರಿಗೆ ಏನು ಹೇಳಲಿ? ಇದ್ದದ್ದು ಇದ್ದ ಹಾಗೇ ಹಾಕಬೇಕು ಕಣೆ ಶೈಲಾ.”

ಮಸ್ಕತ್ತಿನಲ್ಲಿ ಹಳೆಯ ಕಾಲದಲ್ಲಿ ಹೂಳಿದ ಕ್ರೈಸ್ತರ ರಿಜಿಸ್ಟರಿನ ಒಂದು ಜೆರಾಕ್ಸ್ ಪ್ರತಿ ರೂವಿಯ ಚರ್ಚಿನ ಕಚೇರಿಯಲ್ಲಿದೆ. ಅದನ್ನು ನೋಡಿಕೊಳ್ಳುವ ಮಂಗಳೂರಿನ ಸ್ಯಾಮ್ಯುಯೆಲ್ ಅಂಕಲ್ ಹೋದ ತಿಂಗಳೇ ಎಲ್ಲ ಪುಟಗಳ ಫೋಟೋ ಕಳಿಸಿದ್ದರು. ಕ್ಯಾಪ್ಟನ್ನರು, ನಾವಿಕರು, ಒಬ್ಬ ಪಾದ್ರಿ, ಎಲ್ಲರೂ ಇದ್ದರು, ಜೋಸೆಫ್ ಇರಲಿಲ್ಲ. ಅಲ್ಲಿಗೆ ಟೀಚರ್ ಕೈಚೆಲ್ಲಿದ್ದರು. ಆದರೆ ಬುಧವಾರ ಮೈಸೂರಿನ ಒಂದು ಹಳೆಯ ರಿಜಿಸ್ಟರ್ ಮುಚ್ಚುವಾಗ ಟೀಚರ ಕೈತಪ್ಪಿ ಬಿದ್ದು, ಹಿಂದಿನ ರಟ್ಟಿನ ಕಡೆಯಿಂದ ತೆರೆದುಕೊಂಡಿತಂತೆ. ನೋಡಿದರೆ ಅಲ್ಲೂ ಬರಹ! ಬಿಳಿಯರ ಹೆಸರು ಮುಂದಿನಿಂದ. ಪುಸ್ತಕವನ್ನು ತಲೆಕೆಳಗು ಮಾಡಿ ಹಿಂದಿನಿಂದ ನಮ್ಮವರ ಹೆಸರು. ನಡುವೆ ಖಾಲಿ ಹಾಳೆಗಳು. “ಮಸ್ಕತ್ತಿನದೂ ಹೀಗೇ ಇರಬೇಕು. ನಿಮ್ಮ ಅಂಕಲ್ ಖಾಲಿ ಹಾಳೆ ಬಂದ ತಕ್ಷಣ ಫೋಟೋ ನಿಲ್ಲಿಸಿರ್ತಾರೆ. ಫೋನಲ್ಲಿ ಹೇಳಿದ್ರೆ ಆಗಲ್ಲ, ನೀನೇ ಹೋಗಿ ನೋಡು” ಎಂದರು.

ಬಾತಿನಾ ಹೆದ್ದಾರಿಯಲ್ಲಿ ಸಮುದ್ರ ಕಾಣುವುದಿಲ್ಲ. ಖರ್ಜೂರದ ತೋಟ, ಪೆಟ್ರೋಲ್ ಬಂಕು, ಮಸೀದಿ, ಮತ್ತೆ ಖರ್ಜೂರ. ಬಸ್ಸಿನ ಎಸಿಗೆ ದುಪಟ್ಟ ಸುತ್ತಿಕೊಂಡು ಕೂತೆ. ಮಸ್ಕತ್ತಿನ ಹೊರವಲಯದ ಅಲ್ ಮವಾಲೇಹ್ ದಾಟುವಾಗ ಅಂಕಲ್ ಕಳಿಸಿದ್ದ ಫೋಟೋಗಳನ್ನು ಫೋನಿನಲ್ಲಿ ಮತ್ತೊಮ್ಮೆ ನೋಡಿದೆ. ಹಿಂದಿನ ಪುಟಗಳಲ್ಲೂ ಜೋಸೆಫ್ ಇರದಿದ್ದರೆ ಟೀಚರಿಗೆ ಏನೆಂದು ಹೇಳುವುದು?

ರೂವಿಯಲ್ಲಿ ಇಳಿದಾಗ ಹತ್ತು ದಾಟಿತ್ತು, ಬಿಸಿಲು ಆಗಲೇ ಮುಖಕ್ಕೆ ರಾಚುತ್ತಿತ್ತು. ಇಲ್ಲಿ ಚರ್ಚುಗಳ ದೊಡ್ಡ ಪೂಜೆ ಶುಕ್ರವಾರವೇ. ಅದು ಮುಗಿದ ಮೇಲೆ ಸ್ಯಾಮ್ಯುಯೆಲ್ ಅಂಕಲ್ ಕಚೇರಿ ತೆರೆದು ಕಪಾಟಿನಿಂದ ಆ ಜೆರಾಕ್ಸಿನ ದಪ್ಪ ಬೈಂಡು ತೆಗೆದರು.

“ಮತ್ತೆ ಎಂತ ನೋಡ್ಲಿಕ್ಕುಂಟು ಇದ್ರಲ್ಲಿ? ಎಲ್ಲ ಕಳಿಸಿದ್ದೇನಲ್ಲ ಮಾರಾಯ್ರೆ” ಎಂದರು.

ನಾನು ಬೈಂಡನ್ನು ತಲೆಕೆಳಗು ಮಾಡಿ ಹಿಂದಿನಿಂದ ತೆರೆದೆ. ಬರಹವಿತ್ತು. ಒಬ್ಬ ಆಯಾ, ಒಬ್ಬ ಬಟ್ಲರ್, ಇಬ್ಬರು ಅಡುಗೆಯವರು. ನಾಲ್ಕನೆಯ ಪುಟದಲ್ಲಿ, ಇಂಗ್ಲಿಷಿನ ಓರೆ ಅಕ್ಷರಗಳಲ್ಲಿ: ಜೋಸೆಫ್, ಕಾಂಪೌಂಡರ್, ಮೈಸೂರು. ಜ್ವರ. ಹೆಂಡತಿ ಮೇರಿ. ತಾರೀಕು ನೋಡಿದೆ. ಅವರು ಮೈಸೂರು ಬಿಟ್ಟ ಐದನೆಯ ತಿಂಗಳು.

ಅಂಕಲ್ ಕನ್ನಡಕ ತೆಗೆದು ಒರೆಸಿಕೊಂಡರು. “ಇಪ್ಪತ್ತು ವರ್ಷದಿಂದ ಇದ್ರ ಧೂಳು ಹೊಡೀತಾ ಇದ್ದೇನೆ ನೋಡಿ. ಒಂದು ದಿನ ತಿರುಗಿಸಿ ನೋಡ್ಲಿಲ್ಲ. ಆ ಟೀಚರಿಗೆ ನಾನು ಒಂದು ತಿಂಗಳು ದುಃಖ ಕೊಟ್ಟೆ.”

ಅವರನ್ನು ಬೈಯುವ ಮನಸ್ಸೇ ಬರಲಿಲ್ಲ. ಎಂದೋ ಯಾರೋ ಒಬ್ಬ ಪುಣ್ಯಾತ್ಮ, ಖಾಲಿ ಹಾಳೆಯಲ್ಲಿ ನಿಲ್ಲಿಸದೆ ಪುಸ್ತಕದ ಕೊನೆಯ ರಟ್ಟಿನವರೆಗೂ ಜೆರಾಕ್ಸ್ ಮಾಡಿದ್ದ. ಅವನ ಹೊಟ್ಟೆ ತಣ್ಣಗಿರಲಿ ಎಂದುಕೊಂಡು ಪುಟದ ಫೋಟೋ ತೆಗೆದು ಟೀಚರಿಗೆ ಕಳಿಸಿದೆ.

ಜುಮ್ಮಾ ನಮಾಜು ಮುಗಿದು ಅಂಗಡಿಗಳು ಮತ್ತೆ ತೆರೆದಾಗ, ಅಂಕಲ್ ನನ್ನನ್ನು ತಮ್ಮ ಗೆಳೆಯ ಹಮೀದಾಕನ ಹೋಟೆಲಿಗೆ ಕರೆದೊಯ್ದರು. ಉಳ್ಳಾಲದ ಬ್ಯಾರಿ, ಮೂವತ್ತು ವರ್ಷದಿಂದ ಇಲ್ಲೇ. ನೀರುದೋಸೆ ತಿನ್ನುತ್ತಾ ಕಥೆ ಹೇಳಿದೆ. ಹಮೀದಾಕ ಪೂರ್ತಿ ಕೇಳಿ, “ಆ ಹಳೆ ಕ್ರೈಸ್ತರ ಕಬರುಸ್ತಾನಕ್ಕೆ ರಸ್ತೆ ಇಲ್ಲ ಮೇಡಂ, ದೋಣಿಯಲ್ಲೇ ಆಗ್ಬೇಕು. ನನ್ನ ಭಾವನದ್ದು ಒಂದುಂಟು. ಊರಿನವರೊಬ್ರು ಅಲ್ಲಿ ಮಲಗಿದ್ದಾರೆ ಅಂತ ಗೊತ್ತಾದ ಮೇಲೆ ಕಾಣದೆ ಹೋಗುದಾ?” ಎಂದು ಗಲ್ಲಾ ಬೇರೆಯವರಿಗೆ ಒಪ್ಪಿಸಿ ಎದ್ದರು.

ಅಷ್ಟರಲ್ಲಿ ಟೀಚರ್ ಫೋನು ಮಾಡಿದರು. ಅಳುತ್ತಿದ್ದರು. “ಚಿಕ್ಕಂದಿನಿಂದ ಆ ಮನುಷ್ಯನಿಗೆ ಶಾಪ ಹಾಕಿದೀನಿ ಶೈಲಾ. ಸಂಡೇ ಸ್ಕೂಲಿನ ಮಕ್ಕಳಿಗೂ ಕೆಟ್ಟ ಗಂಡ ಅಂದ್ರೆ ನಮ್ಮ ತಾತ ಅಂತ ಹೇಳಿದೀನಿ. ಅವರ ಸಮಾಧಿ ಹತ್ರ ಹೋದ್ರೆ ನನ್ನ ಪರವಾಗಿ ತಪ್ಪಾಯ್ತು ಅಂತ ಹೇಳು.”

ಹಳೆಯ ಮಸ್ಕತ್ತಿನ ಕಡೆಯಿಂದ ದೋಣಿಯಲ್ಲಿ ಕಾಲು ಗಂಟೆ. ಕಪ್ಪು ಬಂಡೆಗಳ ನಡುವೆ ಅಂಗಳದಷ್ಟು ಮರಳು, ಅದರ ಹಿಂದೆ ಸಮಾಧಿಗಳು. ಬಿಳಿಯರವಕ್ಕೆ ಶಿಲುಬೆ, ಹೆಸರು. ಬೆಟ್ಟದ ಬುಡದಲ್ಲಿ ಬರೀ ಕಲ್ಲು ಪೇರಿಸಿದ ಹತ್ತಾರು ಗುಡ್ಡೆಗಳು, ಒಂದರ ಮೇಲೂ ಅಕ್ಷರವಿಲ್ಲ. ಜೋಸೆಫರದು ಯಾವುದೆಂದು ತಿಳಿಯುವ ದಾರಿಯೇ ಇರಲಿಲ್ಲ. ಹಮೀದಾಕ ನಿಂತಲ್ಲೇ ಅಂಗೈಗಳನ್ನೆತ್ತಿ ದುವಾ ಮಾಡಿದರು. ನಾನು ಒಂದೊಂದು ಗುಡ್ಡೆಯ ಮುಂದೆಯೂ ನಿಂತು, “ನಿಮ್ಮ ಮೊಮ್ಮಗಳು ಎಸ್ತರ್ ತಪ್ಪಾಯ್ತು ಅಂದಿದಾರೆ” ಎಂದು ಹೇಳುತ್ತಾ ಹೋದೆ. ಮೊದಲು ನಾಚಿಕೆಯಾಯಿತು, ಆಮೇಲೆ ಅಳು ಬಂತು. ಜೋಸೆಫರಲ್ಲದವರಿಗೂ ಯಾರೋ ಬಂದು ಕನ್ನಡದಲ್ಲಿ ಮಾತಾಡಿಸಿದಂತಾಯಿತಲ್ಲ ಎಂದು ಸಮಾಧಾನವೂ ಆಯಿತು.

ದೋಣಿಯ ಖರ್ಚಿನ ಮಾತೆತ್ತಿದರೆ ಹಮೀದಾಕ, “ಖಲಾಸ್, ಅದೆಲ್ಲ ಬೇಡ” ಎಂದು ಬಾಯಿ ಮುಚ್ಚಿಸಿ, ಪಿಕಪ್ಪಿನಲ್ಲಿ ಬಸ್ ನಿಲ್ದಾಣದವರೆಗೆ ಬಿಟ್ಟರು. ಇಷ್ಟು ಒಳ್ಳೆಯವರ ನಡುವೆ ಬದುಕುತ್ತಿದ್ದೂ ನಾನು ಈ ದೇಶವನ್ನು ಎಷ್ಟು ಬೈದುಕೊಂಡಿದ್ದೇನೆ!

ಬಸ್ಸು ರೂವಿ ಬಿಡುವ ಹೊತ್ತಿಗೆ ಟೀಚರ್ ಮತ್ತೆ ಫೋನು ಮಾಡಿದರು. ದನಿ ಹಗುರವಾಗಿತ್ತು.

“ಅಜ್ಜಿ ಸಾಲು ಏನು ಮಾಡಿದ್ರಿ ಟೀಚರ್?” ಎಂದೆ.

“ಇದ್ದ ಹಾಗೇ ಇಟ್ಟಿದೀನಿ. ಕೆಳಗೆ ಒಂದು ಟಿಪ್ಪಣಿ ಹಾಕಿದೀನಿ, ಮಸ್ಕತ್ತಿನ ರಿಜಿಸ್ಟರಿನ ಪುಟದ ನಂಬರ್ ಸಮೇತ. ಜನ ಇಂಥ ಮಾತು ಹೇಳೋವಾಗ ಅಳ್ತಾರೆ. ನನಗೆ ಎಷ್ಟು ಸಂತೋಷ ಆಗ್ತಿದೆ ಗೊತ್ತಾ ಶೈಲಾ? ನಮ್ಮಜ್ಜಿ ವಿಧವೆ ಕಣೆ.”