ಕಲ್ಲಿಗೆ ಹಚ್ಚಿದ ಕುಂಕುಮ

ನಾನು ಚಿಕ್ಕವನಿದ್ದಾಗ ಅಮೆರಿಕದ ಸಮಾಮಿಶ್ ಊರಿನಲ್ಲಿ ಕಾರಿಲ್ಲದೆ ಹಾಲು ತರುವುದೂ ಸಾಧ್ಯವಿರಲಿಲ್ಲ. ಎರಡು ಸಾವಿರದ ಹತ್ತರ ದಶಕದ, ಅಂದರೆ ಐವತ್ತು ವರ್ಷಕ್ಕೂ ಹಿಂದಿನ ಮಾತಿದು, ಮೊಮ್ಮಕ್ಕಳೇ. ಗದಗಿನ ಕಡೆಯಿಂದ ಬಂದಿದ್ದ ನಮ್ಮ ಅಜ್ಜಿ, ಅಂದರೆ ಅಪ್ಪನ ತಾಯಿ, ವಾರವಿಡೀ ಮನೆಯೊಳಗೇ ಕೂತು ಬೇಸತ್ತಿದ್ದರು. ಆ ಭಾನುವಾರ ಅಪ್ಪ ಅವರನ್ನೂ ಅಕ್ಕನನ್ನೂ ನನ್ನನ್ನೂ ದೇವಸ್ಥಾನಕ್ಕೆ ಕರೆದೊಯ್ದರು.

ದೇವಸ್ಥಾನದಿಂದ ವಾಪಸ್ ಬರುವಾಗ, ಅಮ್ಮ ಕಟ್ಟಿಕೊಟ್ಟ ಬುತ್ತಿ ಬಿಚ್ಚಲೆಂದು ಬೆಟ್ಟದ ಬುಡದ ಒಂದು ಸಣ್ಣ ಊರಿನಲ್ಲಿ ನಿಂತೆವು. ಮಳೆ ಆಗಷ್ಟೇ ನಿಂತಿತ್ತು. ಪಾರ್ಕಿನ ತುಂಬ ಒದ್ದೆ ಹುಲ್ಲಿನ ವಾಸನೆ. ನಡುವೆ ಒಂದು ಕಲ್ಲಿನ ಕಂಬ, ಅದರ ಮೇಲೆ ಹೆಸರುಗಳ ಸಾಲು. ಅರ್ಧ ಹೆಸರುಗಳನ್ನು ಪಾಚಿ ನುಂಗಿತ್ತು. ಇವರೆಲ್ಲ ಯಾರು ಎಂದು ಅಜ್ಜಿ ಕೇಳಿದರು. ಬಹಳ ಹಿಂದೆ ಈ ದೇಶದವರು ಎರಡು ಪಾಲಾಗಿ ತಮ್ಮತಮ್ಮಲ್ಲೇ ಯುದ್ಧ ಮಾಡಿದ್ದರು, ಗುಲಾಮರನ್ನು ಬಿಡಿಸುವ ಕಡೆ ನಿಂತು ಸತ್ತವರು ಇವರು ಎಂದು ಅಪ್ಪ ಹೇಳಿದರು.

“ಹಂಗಾರ ಇದು ವೀರಗಲ್ಲು. ಹಿಂಗ್ಯಾಕ ಬಿಟ್ಟಾರ?” ಎಂದರು ಅಜ್ಜಿ.

ಅಷ್ಟೇ, ಚಪಾತಿ ಡಬ್ಬಿ ಇದ್ದಲ್ಲೇ ಉಳಿಯಿತು. ಅಜ್ಜಿ ಚಪ್ಪಲಿ ಬಿಟ್ಟು, ಬಾಟಲಿಯ ನೀರು ಸುರಿದು, ಉಗುರಿನಿಂದ ಪಾಚಿ ಕೆರೆದರು. ಅಕ್ಕ ಕರ್ಚೀಫಿನಿಂದ ಒರೆಸಿದಳು. ನಾಯಿ ಹಿಡಿದು ಓಡಾಡುತ್ತಿದ್ದ ಊರಿನವನೊಬ್ಬ ಇದನ್ನೆಲ್ಲ ನೋಡುತ್ತಲೇ ಇದ್ದ. ಪೂಜೆಯ ಚೀಲದಿಂದ ಅಜ್ಜಿ ಅರಿಶಿನ ಕುಂಕುಮ ತೆಗೆದು ಹೆಸರುಗಳ ಮೇಲೆ ಹಚ್ಚಿದರು ನೋಡಿ, ಆಗ ಅವನಿಗೆ ಮೈಮೇಲೆ ಬಂದಂತಾಯಿತು. ನಮ್ಮ ಸ್ಮಾರಕ ಹಾಳು ಮಾಡಿದಿರಿ, ಪೊಲೀಸರನ್ನು ಕರೆಯುತ್ತೇನೆ ಎಂದು ಕೂಗಾಡುತ್ತ ಫೋನು ತೆಗೆದ. ಇಷ್ಟು ವರ್ಷ ಪಾಚಿ ಹಿಡಿಯುವಾಗ ಎಲ್ಲಿ ಹೋಗಿದ್ದನೋ ಮಹಾನುಭಾವ!

ಅಕ್ಕ ಇಂಗ್ಲಿಷಿನಲ್ಲಿ ಅವನಿಗೆ ಅದನ್ನೇ ಕೇಳಹೊರಟಳು. ಅಪ್ಪ ಅವಳನ್ನು ಗದರಿ ಸುಮ್ಮನಾಗಿಸಿ, ಸಾರಿ, ಸಾರಿ ಎಂದು ಅವನಿಗೆ ಕೈಮುಗಿದರು. ಆಫೀಸಿನಲ್ಲಿ ಒಂದು ತಂಡವನ್ನೇ ನಡೆಸುತ್ತಿದ್ದ ನನ್ನ ಅಪ್ಪ.

“ಅವ್ವಾ, ಒರಸಿಬಿಡು,” ಎಂದು ಅಜ್ಜಿಯತ್ತ ತಿರುಗಿದರು. “ನಮಗಿನ್ನೂ ಗ್ರೀನ್ ಕಾರ್ಡ್ ಬಂದಿಲ್ಲ. ಪೊಲೀಸ್ ಕೇಸ್ ಆತಂದ್ರ ಎಲ್ಲಾರೂ ವಾಪಸ್ ಹೋಗಬೇಕಾಗ್ತದ.”

“ನನ್ನ ಹಣೀ ಕುಂಕುಮ ಮಂದಿ ಒರಸಿದಾಗ ಸುಮ್ಮನಿದ್ದೆ,” ಎಂದರು ಅಜ್ಜಿ. ಅಜ್ಜ ತೀರಿಕೊಂಡ ದಿನದ ಮಾತದು. “ಇದನ್ನ ನಾ ಒರಸಂಗಿಲ್ಲ.”

ಅಪ್ಪನೇ ಮಂಡಿಯೂರಿ ಟಿಶ್ಯೂ ಪೇಪರಿನಿಂದ ಒರೆಸಿದರು. ಮನುಷ್ಯರನ್ನು ಬಿಡಿಸಲು ಸತ್ತವರ ಕಲ್ಲಿನ ಮುಂದೆ ನನ್ನ ಅಪ್ಪ ಹೆದರಿ, ನಾಯಿ ಹಿಡಿದವನ ಫೋನಿನತ್ತ ಮತ್ತೆ ಮತ್ತೆ ತಿರುಗಿ ನೋಡುತ್ತಿದ್ದರು. ಒದ್ದೆಗೆ ಕುಂಕುಮ ಇನ್ನಷ್ಟು ಹರಡಿ ಅಕ್ಷರಗಳೊಳಗೆ ಇಳಿಯಿತು. ಆ ಮನುಷ್ಯ ಮುಗಿಯುವವರೆಗೂ ಕಾವಲು ನಿಂತಿದ್ದ. ಮನೆ ಮುಟ್ಟಿದೆವು. ನನಗೆ ಅಪ್ಪನ ಮೇಲೆ ಎಷ್ಟು ಸಿಟ್ಟು ಬಂದಿತ್ತೆಂದರೆ ಅವರು ಕರೆದರೂ ಊಟಕ್ಕೆ ಏಳಲಿಲ್ಲ.

ಮೊಮ್ಮಕ್ಕಳೇ, ಮೊನ್ನೆ ಪಾರ್ಕಿನಲ್ಲಿ ಯಾರೋ ಗದರಿದಾಗ ಯಾಕೆ ಎಂದು ತಿರುಗಿ ಕೇಳಿ ಬಂದಿರಲ್ಲ, ನನಗೆ ಹೊಟ್ಟೆ ತಣ್ಣಗಾಯಿತು. ನೀವು ಈ ದೇಶದ ಪ್ರಜೆಗಳು, ನಿಮ್ಮಪ್ಪನಿಗೆ ನಿಮ್ಮ ಬಾಯಿ ಮುಚ್ಚಿಸಬೇಕಾಗಿ ಬರಲಿಲ್ಲ. ನನ್ನ ಅಪ್ಪ ಒಂದು ಮಾತಾಡಬೇಕಾದರೂ ದೇಶ ಬಿಡಲು ತಯಾರಾಗಿಯೇ ಆಡಬೇಕಿತ್ತು. ಅವರ ಮೇಲಿನ ಸಿಟ್ಟು ಎಂದೋ ಇಳಿಯಿತು. ತಾಯಿ ಹಚ್ಚಿದ ಕುಂಕುಮವನ್ನು ಮಗನ ಕೈಯಿಂದಲೇ ಒರೆಸಿಸಿದವರ ಮೇಲಿನ ಸಿಟ್ಟು ಇಂದಿಗೂ ಇಳಿದಿಲ್ಲ. ಇಳಿಸಿಕೊಳ್ಳುವ ಮನಸ್ಸೂ ನನಗಿಲ್ಲ.